ಹೊಟ್ಟೆ ತೊಳಸಿದಾಗ ಏನು, ಎಷ್ಟು, ಯಾವಾಗ



ಹೊಟ್ಟೆ ತೊಳಸುತ್ತಿದೆ ಎಂದು ಯಾರಾದರೂ ಹೇಳಿದ ಕೂಡಲೇ ನಮ್ಮ ಮನೆಗಳಲ್ಲಿ ಎರಡು ಮಾತು ಜೊತೆಜೊತೆಗೇ ಹೊರಡುತ್ತವೆ. ಒಂದು, "ಏನೂ ತಿನ್ನಬೇಡ, ಹೊಟ್ಟೆ ಖಾಲಿ ಬಿಡು." ಇನ್ನೊಂದು, "ಖಾಲಿ ಹೊಟ್ಟೆಗೇ ಪಿತ್ತ ಏರೋದು, ಏನಾದರೂ ತಿನ್ನು." ಎರಡನ್ನೂ ಹೇಳುವವರು ಅನುಭವಸ್ಥರೇ. ಎಷ್ಟೋ ಸಲ ಒಬ್ಬರೇ ಬೆಳಿಗ್ಗೆ ಒಂದನ್ನು ಹೇಳಿ ಸಂಜೆಗೆ ಇನ್ನೊಂದನ್ನು ಹೇಳುವುದೂ ಉಂಟು. ಆಮೇಲೆ ಪದಾರ್ಥಗಳ ಪಟ್ಟಿ ಶುರುವಾಗುತ್ತದೆ: ನಿಂಬೆ ಪಾನಕ, ಶುಂಠಿ, ಜೀರಿಗೆ ಕಷಾಯ, ಎಳನೀರು, ಸೋಡಾ, ಗಂಜಿ, ಹಾಲು-ಬ್ರೆಡ್ಡು, ನಾಲಿಗೆಗೆ ಸವರಲು ಉಪ್ಪಿನಕಾಯಿ. ಪಟ್ಟಿಯಲ್ಲಿರುವ ಹೆಚ್ಚಿನವು ನಿರುಪದ್ರವಿ, ಕೆಲವು ನಿಜಕ್ಕೂ ಒಳ್ಳೆಯವು. ಆದರೆ 'ಏನು' ಎನ್ನುವುದು ಎರಡನೆಯ ಪ್ರಶ್ನೆ ಎಂಬುದು ಇವತ್ತಿನ ನನ್ನ ವಾದ. ಮೊದಲನೆಯದು ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎನ್ನುವುದು. ಒಳ್ಳೆಯ ಗಂಜಿಯನ್ನೇ ಒಂದು ದೊಡ್ಡ ಲೋಟ ಗಟಗಟನೆ ಕುಡಿಸಿದರೆ ಅದು ವಾಂತಿಯಾಗಿ ಹೊರಗೆ ಬರುತ್ತದೆ. ಆಗ ಗಂಜಿ ಒಗ್ಗಲಿಲ್ಲ ಎಂದು ತೀರ್ಮಾನಿಸಿ ಎಳನೀರಿಗೆ ಹೋಗುತ್ತೇವೆ, ಅದೂ ಒಗ್ಗದಿದ್ದರೆ ಸೋಡಾಕ್ಕೆ. ಪದಾರ್ಥ ಬದಲಾಗುತ್ತ ಹೋಗುತ್ತದೆ, ಲೋಟ ಮಾತ್ರ ಬದಲಾಗುವುದಿಲ್ಲ.

ಒಳಗೆ ಏನು ನಡೆಯುತ್ತದೆ ಎಂದು ಮೊದಲು ನೋಡೋಣ. ಆರೋಗ್ಯವಾಗಿರುವ ಜಠರದಲ್ಲಿ ನಿಮಿಷಕ್ಕೆ ಸುಮಾರು 3ರ ಲಯದಲ್ಲಿ ವಿದ್ಯುತ್ ಅಲೆಗಳು ಏಳುತ್ತಿರುತ್ತವೆ. ಆ ಲಯದಲ್ಲೇ ಆಹಾರ ಅರೆದುಕೊಂಡು ಸ್ವಲ್ಪಸ್ವಲ್ಪವಾಗಿ ಸಣ್ಣ ಕರುಳಿಗೆ ದಾಟುತ್ತದೆ. ವಾಕರಿಕೆ ಬಂದಾಗ ಈ ಲಯ ಕೆಡುತ್ತದೆ. ಅಲೆಗಳು ಗಡಿಬಿಡಿಯಾಗುತ್ತವೆ, ಮುಂದೆ ದೂಡುವ ಕೆಲಸ ನಿಧಾನವಾಗುತ್ತದೆ ಇಲ್ಲವೇ ನಿಂತೇ ಹೋಗುತ್ತದೆ. ಕೆಡಿಸುವ ಕಾರಣಗಳು ಹಲವು. ಕೆಟ್ಟ ಆಹಾರದ ವಿಷವೋ ಸೋಂಕೋ ಕರುಳಿನ ಗೋಡೆಯನ್ನು ಕೆಣಕಿದರೆ ಅಲ್ಲಿನ ಕೆಲವು ಜೀವಕೋಶಗಳು ಸಿರೊಟೋನಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ, ವೇಗಸ್ ನರ ಆ ಸುದ್ದಿಯನ್ನು ಮಿದುಳಿನ ಬುಡಕ್ಕೆ ಒಯ್ಯುತ್ತದೆ. ರಕ್ತದಲ್ಲಿ ತೇಲಿಬರುವ ಔಷಧ, ವಿಷ, ಹಾರ್ಮೋನುಗಳನ್ನು ಪರೀಕ್ಷಿಸಲು ಮಿದುಳಿನ ಬುಡದಲ್ಲೇ ಒಂದು ಸಣ್ಣ ಜಾಗವಿದೆ, ರಕ್ತಕ್ಕೂ ಮಿದುಳಿಗೂ ನಡುವಿನ ತಡೆ ಅಲ್ಲಿ ಸಡಿಲ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸು ಹೊರಳುವಾಗ ಕಣ್ಣು ಹೇಳುವುದಕ್ಕೂ ಒಳಗಿವಿ ಹೇಳುವುದಕ್ಕೂ ತಾಳೆಯಾಗದೆ ಮಿದುಳಿನ ಬುಡಕ್ಕೆ ವಾಂತಿಯ ಸಂದೇಶ ಮುಟ್ಟುತ್ತದೆ. ಕಾರಣ ಯಾವುದಾದರೂ ಜಠರದ ಪಾಡು ಬಹುಮಟ್ಟಿಗೆ ಒಂದೇ: ಬಂದದ್ದನ್ನು ಮುಂದಕ್ಕೆ ಕಳಿಸಲಾರದ, ಹಿಗ್ಗಿದರೆ ಸಹಿಸದ ಸ್ಥಿತಿ. ಇಷ್ಟು ಗೊತ್ತಾದರೆ ಆಹಾರದ ನಿಯಮಗಳು ತಾವಾಗಿ ಹೊರಡುತ್ತವೆ. ಘನಕ್ಕಿಂತ ದ್ರವ ಬೇಗ ದಾಟುತ್ತದೆ. ಎಣ್ಣೆ, ತುಪ್ಪ, ಕೆನೆ ಜಠರವನ್ನು ಇನ್ನಷ್ಟು ನಿಧಾನ ಮಾಡುತ್ತವೆ. ಒಮ್ಮೆಗೇ ಹೋಗುವ ದೊಡ್ಡ ಪ್ರಮಾಣ, ಅದು ಶುದ್ಧ ನೀರೇ ಆಗಿರಲಿ, ಗೋಡೆಯನ್ನು ಹಿಗ್ಗಿಸಿ ವಾಂತಿಯನ್ನು ಎಬ್ಬಿಸುತ್ತದೆ.

ಇದಕ್ಕೆ ದೊಡ್ಡ ಸಾಕ್ಷಿ ಸಿಕ್ಕಿದ್ದು ಯಾವ ಪ್ರಯೋಗಾಲಯದಲ್ಲೂ ಅಲ್ಲ, ಬಂಗಾಳದ ಕಾಲರಾ ವಾರ್ಡುಗಳಲ್ಲಿ. 1953ರಲ್ಲಿ ಕಲ್ಕತ್ತದ ವೈದ್ಯ ಹೇಮೇಂದ್ರನಾಥ ಚಟರ್ಜಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದರು. ಅದರ ವಿಷಯವೇ ಕಾಲರಾದ ವಾಂತಿಯನ್ನು ಹತೋಟಿಗೆ ತಂದು ಬಾಯಿಯ ಮೂಲಕ ದ್ರವ ತುಂಬುವುದು. 186 ರೋಗಿಗಳಿಗೆ ಅವರು ಮೊದಲು ವಾಂತಿ ತಡೆಯುವ ಮಾತ್ರೆ ಕೊಟ್ಟು, ಆಮೇಲೆ ಉಪ್ಪು ಮತ್ತು ಗ್ಲೂಕೋಸ್ ಕದಡಿದ ನೀರು ಕುಡಿಸಿದರು. ಭೇದಿ ನಿಲ್ಲಿಸಲು ಅವರು ಬಳಸಿದ್ದರಲ್ಲಿ ನಮ್ಮ ಹಿತ್ತಿಲ ದೊಡ್ಡಪತ್ರೆಯ ರಸವೂ ಇತ್ತು ಎನ್ನುವುದು ತಂಬುಳಿ ಪ್ರಿಯರಿಗೆ ಖುಷಿಯ ಸುದ್ದಿಯಾಗಬಹುದು. ಆದರೆ ದೊಡ್ಡಪತ್ರೆಯ ಪಾತ್ರ ಅಲ್ಲಿ ಸಾಬೀತಾಗಲಿಲ್ಲ, ಉಪ್ಪು-ಸಕ್ಕರೆಯ ಪಾತ್ರ ಮುಂದೆ ಸಾಬೀತಾಯಿತು. ಆಗ ಆ ಲೇಖನವನ್ನು ಯಾರೂ ಹೆಚ್ಚು ಗಮನಿಸಲಿಲ್ಲ. ಸಕ್ಕರೆಯ ಜೊತೆ ಸೋಡಿಯಂ ಇದ್ದರೆ ಎರಡೂ ಒಟ್ಟಿಗೆ ಕರುಳಿನ ಗೋಡೆ ದಾಟುತ್ತವೆ, ನೀರು ಅವುಗಳ ಬೆನ್ನು ಹತ್ತುತ್ತದೆ ಎನ್ನುವ ತತ್ತ್ವವನ್ನು 1960ರಲ್ಲಿ ವಿಜ್ಞಾನಿ ರಾಬರ್ಟ್ ಕ್ರೇನ್ ಮಂಡಿಸಿದರು. 1968ರಲ್ಲಿ ಢಾಕಾದಲ್ಲಿ ವೈದ್ಯರಾದ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಅದನ್ನು ಕಾಲರಾ ರೋಗಿಗಳ ಮೇಲೆ ಅಳೆದು ತೋರಿಸಿದರು. ಮೂರು ವರ್ಷದ ಮೇಲೆ ಬಾಂಗ್ಲಾ ಯುದ್ಧದ ನಿರಾಶ್ರಿತರು ಗಡಿಯ ಬನಗಾಂವ್‌ಗೆ ಬಂದು ತುಂಬಿದರು. ಅಲ್ಲಿ ವೈದ್ಯ ದಿಲೀಪ್ ಮಹಲನಬೀಸ್ ಅವರ ಕೈಯಲ್ಲಿದ್ದ ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದವು. ಅವರು ಪ್ರತಿ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಸೋಡಾಪುಡಿಯ ಲೆಕ್ಕದಲ್ಲಿ ಪುಡಿ ಬೆರೆಸಿ, ಪಾಲಿಥೀನ್ ಚೀಲಗಳಲ್ಲಿ ತುಂಬಿಸಿ ತರಿಸಿದರು. ಡ್ರಮ್ಮುಗಳಲ್ಲಿ ಕದಡಿದ ಆ ನೀರನ್ನು ರೋಗಿಗಳ ಮನೆಯವರೇ ಕೂತು ಕುಡಿಸಿದರು. ಸುಮಾರು ನೂರಕ್ಕೆ 30ರಷ್ಟಿದ್ದ ಸಾವು ಅವರ ಚಿಕಿತ್ಸೆಯಲ್ಲಿದ್ದವರಲ್ಲಿ 3.6ಕ್ಕೆ ಇಳಿಯಿತು. 1978ರಲ್ಲಿ 'ಲ್ಯಾನ್ಸೆಟ್' ಇದನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಬಹುದಾದದ್ದು ಎಂದು ಕರೆಯಿತು. 2022ರಲ್ಲಿ ತೀರಿಕೊಂಡ ಮಹಲನಬೀಸ್ ಅವರಿಗೆ ಮರುವರ್ಷ ಮರಣೋತ್ತರ ಪದ್ಮವಿಭೂಷಣ ಬಂತು.

ಈ ಕಥೆಯಲ್ಲಿ ಸಾಮಾನ್ಯವಾಗಿ ಪುಡಿಯ ಸೂತ್ರವನ್ನು ಮಾತ್ರ ನೆನಪಿಡುತ್ತೇವೆ. ಕುಡಿಸಿದ ಮನೆಯವರನ್ನು ಮರೆಯುತ್ತೇವೆ. ಕಾಲರಾ ಹಿಡಿದವರು ವಾಂತಿ ಮಾಡುತ್ತಲೇ ಇರುತ್ತಾರೆ. ಹೊಟ್ಟೆಗೆ ಹೋದದ್ದೆಲ್ಲ ಹೊರಬರುತ್ತದೆ, ಬಾಯಿಂದ ಕೊಡುವುದು ದಂಡ ಎಂಬುದೇ ಆ ಕಾಲದ ವೈದ್ಯರ ದೊಡ್ಡ ಆಕ್ಷೇಪವಾಗಿತ್ತು. ಆಕ್ಷೇಪಕ್ಕೆ ಉತ್ತರ ಪಕ್ಕದಲ್ಲಿ ಕೂತು ಗುಟುಕು ಗುಟುಕಾಗಿ ಕುಡಿಸುವ ತಾಳ್ಮೆಯಲ್ಲಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇವತ್ತಿಗೂ ಹಾಗೆಯೇ ಇದೆ: ಮಗು ವಾಂತಿ ಮಾಡಿದರೆ 10 ನಿಮಿಷ ಕಾಯಿರಿ, ಮತ್ತೆ ಶುರುಮಾಡಿ, ಈ ಸಲ ಇನ್ನೂ ನಿಧಾನವಾಗಿ, ಎರಡು ಮೂರು ನಿಮಿಷಕ್ಕೊಂದು ಚಮಚ. ಇದು ಪೆದ್ದು ಸಲಹೆಯಂತೆ ಕಾಣುತ್ತದೆ, ಲೆಕ್ಕ ಹಾಕಿದರೆ ಹಾಗಿಲ್ಲ. ಚಹಾ ಚಮಚ ಎಂದರೆ 5 ಮಿಲಿಲೀಟರ್. ಎರಡು ನಿಮಿಷಕ್ಕೊಂದರಂತೆ ಗಂಟೆಗೆ 30 ಚಮಚ, ಅಂದರೆ 150 ಮಿಲಿಲೀಟರ್. ನಾಲ್ಕು ಗಂಟೆಗೆ 600. ನೀರಿನಂಶ ತಕ್ಕಮಟ್ಟಿಗೆ ಕಡಿಮೆಯಾಗಿರುವ 10 ಕಿಲೋ ತೂಕದ ಮಗುವಿಗೆ ನಾಲ್ಕು ಗಂಟೆಯಲ್ಲಿ ತುಂಬಬೇಕಾದದ್ದು 750 ಮಿಲಿಲೀಟರ್. ವಾಂತಿ ಹತೋಟಿಗೆ ಬಂದಂತೆ ಒಂದೂವರೆ ನಿಮಿಷಕ್ಕೊಂದು ಚಮಚ ಕೊಟ್ಟರೆ ಲೆಕ್ಕ ಸರಿಹೊಂದುತ್ತದೆ. ನಡುವೆ ಒಮ್ಮೆ ವಾಂತಿಯಾದರೂ ಹೋಗುವುದು ಕೊನೆಯ ಕೆಲವು ಚಮಚಗಳು ಅಷ್ಟೆ, ಅದಕ್ಕೆ ಮುಂಚಿನದು ಬಹುಪಾಲು ಕರುಳಿಗೆ ದಾಟಿ ಆಗಿರುತ್ತದೆ. ಲೋಟದಲ್ಲಿ ಕೊಟ್ಟಿದ್ದರೆ ಅಷ್ಟೂ ಹೋಗುತ್ತಿತ್ತು. ದೊಡ್ಡವರ ವಿಷಯದಲ್ಲೂ ತರ್ಕ ಇದೇ, ಚಮಚದ ಜಾಗದಲ್ಲಿ ಎರಡು ಗುಟುಕು ಎಂದಿಟ್ಟುಕೊಳ್ಳಿ.

ಈಗ ಪದಾರ್ಥಗಳಿಗೆ ಬರೋಣ. ಗಂಜಿಯ ಬಗ್ಗೆ ನಮ್ಮ ಜನ ಇಟ್ಟಿರುವ ನಂಬಿಕೆಗೆ ವಿಜ್ಞಾನದ ಬೆಂಬಲವಿದೆ. ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸ್ ಆಗಿ ಒಡೆಯುತ್ತದೆ. ಹಾಗಾಗಿ ಸಕ್ಕರೆ ನೀರಿನಂತೆ ಅದು ಒಮ್ಮೆಗೇ ಕರುಳಿನೊಳಗೆ ನೀರೆಳೆಯುವುದಿಲ್ಲ. ಅಕ್ಕಿ ಹಿಟ್ಟಿನಿಂದ ಮಾಡಿದ ಮರುಪೂರಣ ದ್ರಾವಣ ಕಾಲರಾದಲ್ಲಿ ಭೇದಿಯ ಪ್ರಮಾಣವನ್ನು ಕಡಿಮೆ ಮಾಡುತ್ತದೆ ಎಂದು ಪರೀಕ್ಷೆಗಳು ತೋರಿಸಿವೆ. ಆದರೆ ಷರತ್ತು ಎರಡು. ಉಪ್ಪು ಇರಲೇಬೇಕು, ಉಪ್ಪಿಲ್ಲದ ಗಂಜಿ ಬರೀ ಅನ್ನ ನೀರಾದದ್ದು ಅಷ್ಟೆ. ಮತ್ತು 'ಶಕ್ತಿ ಬರಲಿ' ಎಂದು ಮೇಲೆ ಒಂದು ಚಮಚ ತುಪ್ಪ ಹಾಕುವ ಪ್ರೀತಿಯನ್ನು ಮೊದಲ ದಿನ ತಡೆಹಿಡಿಯಬೇಕು, ಯಾಕೆಂದು ಆಗಲೇ ಹೇಳಿದೆ. ಕರಾವಳಿಯ ಕುಚ್ಚಿಲಕ್ಕಿ ಗಂಜಿಯ ತಿಳಿ, ಬಯಲುಸೀಮೆಯ ತೆಳು ರಾಗಿ ಅಂಬಲಿ, ಬೇಳೆಕಟ್ಟಿಗೆ ಉಪ್ಪು ಹಾಕಿದ ತಿಳಿಸಾರು, ಕಡೆದು ಬೆಣ್ಣೆ ತೆಗೆದ ನೀರುಮಜ್ಜಿಗೆ ಎಲ್ಲವೂ ಈ ಗುಂಪಿನವೇ. ಎಳನೀರಿನ ಕೀರ್ತಿ ಮಾತ್ರ ಸ್ವಲ್ಪ ಅತಿಯಾಯಿತು. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ತೀರಾ ಕಡಿಮೆ. ವಾಂತಿ-ಭೇದಿಯಲ್ಲಿ ಮುಖ್ಯವಾಗಿ ತುಂಬಬೇಕಾದದ್ದು ಸೋಡಿಯಂ. ಒಂದು ಚಿಟಿಕೆ ಉಪ್ಪು ಕದಡಿ, ಗುಟುಕು ಗುಟುಕಾಗಿ ಕುಡಿದರೆ ತೊಂದರೆಯಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಆ ಪೊಟ್ಯಾಸಿಯಂ ಕಾರಣಕ್ಕೇ ಅದನ್ನು ಮುಟ್ಟುವ ಮೊದಲು ವೈದ್ಯರನ್ನು ಕೇಳಬೇಕು.

ಗೋಲಿ ಸೋಡಾ ಮತ್ತು ಬಾಟಲಿಯ ಕೋಲಾ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಮೃದುವಾಗಿಲ್ಲ. ತೇಗು ಬಂದು ಹಗುರಾಯಿತು ಎನಿಸುವುದು ನಿಜ, ಆದರೆ ಆ ತೇಗಿಗೆ ಕಾರಣವಾದ ಗಾಳಿಯನ್ನು ಒಳಗೆ ಕಳಿಸಿದ್ದೂ ಅದೇ ಸೋಡಾ. ಹಿಗ್ಗನ್ನು ಸಹಿಸದ ಜಠರಕ್ಕೆ ಇದು ಸೇವೆಯಲ್ಲ. ಕೋಲಾದಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ, ಸಕ್ಕರೆ ವಿಪರೀತ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಓಆರ್‌ಎಸ್ ಎಂಬ ಮರುಪೂರಣ ದ್ರಾವಣದ ಸಾಂದ್ರತೆಯನ್ನು ಲೀಟರಿಗೆ 311 ಮಿಲಿಆಸ್ಮೋಲ್‌ನಿಂದ 245ಕ್ಕೆ ಇಳಿಸಿತು, ತೆಳುವಾದಷ್ಟೂ ಕರುಳು ಬೇಗ ಹೀರುತ್ತದೆ ಎಂಬ ಕಾರಣಕ್ಕೆ. ಸಿಹಿ ಪಾನೀಯಗಳ ಸಾಂದ್ರತೆ ಇದರ ಎರಡು ಪಟ್ಟನ್ನೂ ಮೀರುತ್ತದೆ. ಅಂಗಡಿಯ ಕಪಾಟಿನಲ್ಲಿ ಓಆರ್‌ಎಸ್ ಎಂಬ ಅಕ್ಷರಗಳನ್ನು ಹೊತ್ತ ಸಿಹಿ ಪಾನೀಯಗಳೂ ಬಹುಕಾಲ ಕೂತಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರನ್ನು ಬಳಸಕೂಡದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಹೇಳಬೇಕಾಯಿತು. ಪೊಟ್ಟಣ ಕೊಳ್ಳುವಾಗ ಅದೇ ಸೂತ್ರ ಎಂದು ಬರೆದಿದೆಯೇ ನೋಡಿ. ಪೊಟ್ಟಣವೇ ಸಿಗದ ಊರಿನಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಅಂಚಿಗೆ ಸವರಿದ 6 ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಸಾಕು. ಉಪ್ಪು ಹೆಚ್ಚಾದರೆ ಅಪಾಯ, ಆದ್ದರಿಂದ ಅಂದಾಜಿನಲ್ಲಿ ಸುರಿಯಬಾರದು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಕೆನಡಾದ ಟೊರಾಂಟೊದಲ್ಲಿ ವಾಂತಿ-ಭೇದಿಯಿಂದ ಬಂದ 647 ಮಕ್ಕಳನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಶಾಸ್ತ್ರೋಕ್ತ ದ್ರಾವಣ, ಇನ್ನೊಂದಕ್ಕೆ ಅರ್ಧಕ್ಕರ್ಧ ನೀರು ಬೆರೆಸಿದ ಸೇಬಿನ ರಸ, ಆಮೇಲೆ ಮಗುವಿಗೆ ಇಷ್ಟವಾದ ಯಾವುದೇ ಪಾನೀಯ. ಚಿಕಿತ್ಸೆ ವಿಫಲವಾದದ್ದು ದ್ರಾವಣದ ಗುಂಪಿನಲ್ಲಿ ನೂರಕ್ಕೆ 25, ಸೇಬಿನ ರಸದ ಗುಂಪಿನಲ್ಲಿ 16.7. ಹಾಗಾದರೆ ಉಪ್ಪಿನ ಮಾತೆಲ್ಲ ಸುಳ್ಳೇ? ಆ ಮಕ್ಕಳಲ್ಲಿ ನೀರಿನಂಶ ತೀರಾ ಅಲ್ಪವಾಗಿ ಕಡಿಮೆಯಾಗಿತ್ತು, ಅವರು ಚೆನ್ನಾಗಿ ಉಂಡು ಬೆಳೆದ ಮಕ್ಕಳು, ಕಾಲರಾ ಅವರ ಹತ್ತಿರವೂ ಸುಳಿದಿರಲಿಲ್ಲ. ಅಂಥವರಿಗೆ ರುಚಿಯಾದದ್ದು ಹೆಚ್ಚು ಒಳಗೆ ಹೋಗಿರಬಹುದು, ಅದೇ ಗೆಲುವಾಗಿರಬಹುದು. ನಮ್ಮಲ್ಲಿ ಬೇಸಿಗೆಯ ಭೇದಿಯಿಂದ ಕಣ್ಣು ಗುಳಿಬಿದ್ದ ಮಗುವಿಗೆ ಈ ಫಲಿತಾಂಶವನ್ನು ಅನ್ವಯಿಸುವುದು ತಪ್ಪು. ಆದರೆ ಬಸ್ಸಿನ ವಾಕರಿಕೆ, ಮೈಗ್ರೇನ್, ಒಂದೆರಡು ವಾಂತಿಯ ಅಜೀರ್ಣ ಇಂಥವುಗಳಲ್ಲಿ ಸೂತ್ರಕ್ಕೆ ಜೋತುಬೀಳಬೇಕಿಲ್ಲ. ತೆಳ್ಳಗಿನ ನಿಂಬೆ ಪಾನಕವೋ, ಪುನರ್ಪುಳಿಯ ತಿಳಿಯೋ, ಯಾವುದು ಗಂಟಲಿಗೆ ಇಳಿಯುತ್ತದೋ ಅದು ಒಳ್ಳೆಯದು. ಟೊರಾಂಟೊದ ಫಲಿತಾಂಶ ನನ್ನ ವಾದಕ್ಕೆ ಎದುರಾಗಿಲ್ಲ ಎಂದೇ ನನಗನ್ನಿಸುತ್ತದೆ. ಅಲ್ಲಿಯೂ ಗೆದ್ದದ್ದು ಒಳಗೆ ನಿಂತ ದ್ರವದ ಪ್ರಮಾಣವೇ ಇರಬೇಕು.

ಎರಡನೆಯ ಆಕ್ಷೇಪ ನಮ್ಮದೇ ಪರಂಪರೆಯದು: ವಾಂತಿಗೆ ಲಂಘನವೇ ಮದ್ದು, ಪಿತ್ತ ಹೊರಗೆ ಹೋಗಲಿ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ವಾತದಿಂದ ಬಂದದ್ದನ್ನು ಬಿಟ್ಟರೆ ಛರ್ದಿಗೆ ಮೊದಲು ಲಂಘನವನ್ನೇ ಹೇಳುತ್ತದೆ ಎಂಬುದು ನಿಜ. ಆದರೆ ಅದೇ ಗ್ರಂಥದ ಸೂತ್ರಸ್ಥಾನದಲ್ಲಿ ವಾಂತಿ ತಡೆಯುವ ಹತ್ತು ದ್ರವ್ಯಗಳ ಗುಂಪೊಂದಿದೆ. ನೇರಳೆ ಮತ್ತು ಮಾವಿನ ಚಿಗುರು, ಮಾದಲ, ಹುಳಿಬೋರೆ, ದಾಳಿಂಬೆ, ಜವೆಗೋಧಿ, ಲಾವಂಚ, ಅರಳು ಇವು ಅದರಲ್ಲಿವೆ. ಹುಳಿಹಣ್ಣು ಮತ್ತು ಭತ್ತದ ಅರಳು ಒಂದೇ ಪಟ್ಟಿಯಲ್ಲಿರುವುದನ್ನು ಗಮನಿಸಿ, ಬಸಿರಿಯರಿಗೆ ಹುಳಿ ಮತ್ತು ಒಣ ತಿಂಡಿ ಕೊಡುವ ನಮ್ಮ ರೂಢಿ ಇದಕ್ಕೆ ಹತ್ತಿರದ್ದು. ಹೊಟ್ಟೆಗೆ ಬಿಡುವು ಎಂಬ ವಿಚಾರವನ್ನು ನಾನೂ ಒಪ್ಪುತ್ತೇನೆ, ಘನ ಆಹಾರದ ಮಟ್ಟಿಗೆ. ಆರೋಗ್ಯವಂತ ವಯಸ್ಕ ಒಂದು ಹೊತ್ತೋ ಒಂದು ದಿನವೋ ಊಟ ಬಿಟ್ಟರೆ ಏನೂ ಆಗದು. ನೀರು ಮತ್ತು ಉಪ್ಪಿನ ಲಂಘನ ಬೇರೆ ಮಾತು, ಅದು ಮಗುವನ್ನೂ ಮುದುಕರನ್ನೂ ಗಂಟೆಗಳಲ್ಲಿ ಕೆಡವುತ್ತದೆ. ಇನ್ನು ಪಿತ್ತ. ಹೊಟ್ಟೆ ಖಾಲಿಯಾದ ಮೇಲೂ ವಾಂತಿ ಮುಂದುವರಿದರೆ ಸಣ್ಣ ಕರುಳಿನಿಂದ ಹಿಂದೆ ಬರುವ ಹಳದಿ ಕಹಿರಸ ಅದು. ಅದು ವಾಂತಿಯ ಫಲ, ಕಾರಣವಲ್ಲ. ಗಂಟಲಿಗೆ ಬೆರಳು ಹಾಕಿ 'ಪಿತ್ತ ತೆಗೆಯುವ' ಅಭ್ಯಾಸದಿಂದ ಕೆರಳಿದ ಜಠರ ಇನ್ನಷ್ಟು ಕೆರಳುತ್ತದೆ, ಅನ್ನನಾಳದ ಒಳಪದರ ಹರಿದು ರಕ್ತ ಬರಬಹುದು. ಆ ಅಭ್ಯಾಸವನ್ನು ಸಮರ್ಥಿಸಲು ನನಗೆ ಯಾವ ಕಾರಣವೂ ಸಿಕ್ಕಿಲ್ಲ.

ಚರಕನ ಆ ಹತ್ತರ ಗುಂಪಿನಲ್ಲಿ ಶುಂಠಿ ಇಲ್ಲ. ಅದು ಬಾಯಾರಿಕೆ ತಣಿಸುವ ಗುಂಪಿನಲ್ಲಿದೆ. ಆಧುನಿಕ ಪರೀಕ್ಷೆಗಳಲ್ಲಿ ಮಾತ್ರ ವಾಕರಿಕೆಗೆ ಅಡುಗೆಮನೆಯ ಪದಾರ್ಥಗಳ ಪೈಕಿ ಅತಿ ಹೆಚ್ಚು ಪರೀಕ್ಷೆಗೊಳಗಾದದ್ದು ಅದೇ. 1982ರಲ್ಲಿ ಪ್ರಯಾಣದ ವಾಕರಿಕೆಯ ಮೇಲೆ ನಡೆದ ಪ್ರಯೋಗದಿಂದ ಈ ಆಸಕ್ತಿ ಬೆಳೆಯಿತು. ಗರ್ಭಿಣಿಯರಲ್ಲಿ ನಡೆದ ಹಲವು ಪರೀಕ್ಷೆಗಳು ವಾಕರಿಕೆಯನ್ನು ಅದು ಸ್ವಲ್ಪ ತಗ್ಗಿಸುತ್ತದೆ ಎಂದಿವೆ, ವಾಂತಿಯ ವಿಷಯದಲ್ಲಿ ಫಲ ಅಷ್ಟು ಸ್ಪಷ್ಟವಿಲ್ಲ. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿದ್ದ 576 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿ ಮಾಮೂಲಿ ಮಾತ್ರೆಯ ಜೊತೆಗೆ ಕೊಟ್ಟಾಗ ಮೊದಲ ದಿನದ ವಾಕರಿಕೆ ಕಡಿಮೆಯಾಯಿತು. ಶುಂಠಿಯ ಖಾರದ ಅಂಶಗಳು ಸಿರೊಟೋನಿನ್ ಸುದ್ದಿ ಮುಟ್ಟಿಸುವ ದ್ವಾರಗಳಲ್ಲೇ ಅಡ್ಡ ನಿಲ್ಲುತ್ತವೆ ಎಂಬ ವಿವರಣೆಯೂ ಇದೆ. ಆದರೆ ಈ ಪರೀಕ್ಷೆಗಳಲ್ಲಿ ಬಳಸಿದ ಪ್ರಮಾಣವನ್ನು ನೋಡಿ. ದಿನಕ್ಕೆ ಸುಮಾರು 1 ಗ್ರಾಂ ಒಣಶುಂಠಿ, ಅದನ್ನೂ ಸಾಮಾನ್ಯವಾಗಿ 250 ಮಿಲಿಗ್ರಾಂನಂತೆ ನಾಲ್ಕು ಸಲ ಹಂಚಿ. ನಮ್ಮ ಕಷಾಯದಲ್ಲಿ ಒಮ್ಮೆಗೇ ಅದರ ಹಲವು ಪಟ್ಟು ಶುಂಠಿ, ಜೊತೆಗೆ ಮೆಣಸು, ಬೆಲ್ಲ. ಕಣ್ಣಲ್ಲಿ ನೀರು ಬರುವಷ್ಟು ಖಾರವಾದರೇ ಮದ್ದು ಎಂಬ ನಂಬಿಕೆಗೆ ಈ ಪರೀಕ್ಷೆಗಳಲ್ಲಿ ಆಧಾರವಿಲ್ಲ. ಎದೆಯುರಿ ಇರುವವರಿಗೆ ಅದು ಹೊಸ ತೊಂದರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ದೊಡ್ಡ ಪ್ರಮಾಣದಲ್ಲಿ ಸೇವಿಸುವ ಮೊದಲು ಕೇಳಿಕೊಳ್ಳಬೇಕು.

ಏನು ಎಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಕೊಡದ ಒಂದು ಉತ್ತರವಿದೆ: ತೀರಾ ಇಷ್ಟವಾದದ್ದನ್ನು ಕೊಡಬೇಡಿ. 1955ರಲ್ಲಿ ಜಾನ್ ಗಾರ್ಸಿಯಾ ಎಂಬ ಅಮೆರಿಕದ ವಿಜ್ಞಾನಿ ಇಲಿಗಳಿಗೆ ಸಿಹಿನೀರು ಕುಡಿಸುವ ಹೊತ್ತಿಗೆ ಹೊಟ್ಟೆ ಕೆಡಿಸುವ ವಿಕಿರಣವನ್ನೂ ಕೊಟ್ಟು ನೋಡಿದರು. ಆಮೇಲೆ ಆ ಇಲಿಗಳು ಸಿಹಿನೀರನ್ನು ಬಿಟ್ಟವು. ಅವುಗಳ ಕಾಯಿಲೆಗೂ ಸಿಹಿಗೂ ಸಂಬಂಧವಿರಲಿಲ್ಲ, ಆದರೆ ಮಿದುಳು ಸಂಬಂಧ ಕಟ್ಟಿತು, ಅದೂ ಒಂದೇ ಸಲಕ್ಕೆ. 1978ರಲ್ಲಿ ಸಂಶೋಧಕಿ ಐಲೀನ್ ಬರ್ನ್‌ಸ್ಟೈನ್ ಕ್ಯಾನ್ಸರ್ ಚಿಕಿತ್ಸೆಗೆ ಬರುತ್ತಿದ್ದ ಮಕ್ಕಳಲ್ಲಿ ಇದನ್ನೇ ಕಂಡರು. ಹೊಟ್ಟೆ ತೊಳಸುವ ಔಷಧದ ಮುಂಚೆ ಹೊಸ ರುಚಿಯ ಐಸ್‌ಕ್ರೀಂ ತಿಂದಿದ್ದ ಮಕ್ಕಳಲ್ಲಿ ಹೆಚ್ಚಿನವರು ವಾರಗಳ ಮೇಲೆ ಅದನ್ನೇ ಮುಂದಿಟ್ಟಾಗ ಬೇಡವೆಂದರು. ತಮ್ಮ ವಾಕರಿಕೆಗೆ ಔಷಧವೇ ಕಾರಣ ಎಂದು ತಿಳಿದುಕೊಳ್ಳಬಲ್ಲವರಲ್ಲೂ ಈ ಅಸಹ್ಯ ಹುಟ್ಟುತ್ತದೆ, ತಿಳಿವಳಿಕೆ ಅದನ್ನು ತಡೆಯುವುದಿಲ್ಲ. ಕೀಮೋಥೆರಪಿಗೆ ಕರೆದೊಯ್ಯುವಾಗ 'ಪಾಪ, ಇಷ್ಟದ್ದಾದರೂ ತಿನ್ನಲಿ' ಎಂದು ಮಾಡಿಕೊಡುವ ಬಿಸಿಬೇಳೆಬಾತು ಕೊನೆಗೆ ಆ ವ್ಯಕ್ತಿಯ ಬಾಳಿನಿಂದ ಬಿಸಿಬೇಳೆಬಾತನ್ನೇ ಕಸಿದುಕೊಳ್ಳಬಹುದು. ಆ ದಿನಗಳಿಗೆ ಯಾವ ಭಾವನೆಯೂ ಅಂಟಿಕೊಂಡಿರದ ಸಪ್ಪೆ ತಿಂಡಿ ಲೇಸು: ಚಟ್ನಿಯಿಲ್ಲದ ಇಡ್ಲಿ, ಮಂಡಕ್ಕಿ, ರಸ್ಕು, ಗಟ್ಟಿ ಅವಲಕ್ಕಿ.

ವಾಸನೆಯ ಮಾತೂ ಇಲ್ಲಿಯೇ ಬರುತ್ತದೆ. ಬಿಸಿ ಆಹಾರದಿಂದ ಪರಿಮಳ ಹೆಚ್ಚು ಹೊಮ್ಮುತ್ತದೆ, ತಣ್ಣಗಾದದ್ದರಿಂದ ಕಡಿಮೆ. ಆದ್ದರಿಂದಲೇ ವಾಕರಿಕೆ ಇರುವವರಿಗೆ ಆರಿದ ಆಹಾರ ಕೊಡಿ ಎಂದು ಆಹಾರತಜ್ಞರು ಹೇಳುವುದು. ಕಾಯಿಲೆಯವರಿಗೆ ಬಿಸಿಬಿಸಿಯೇ ಆಗಬೇಕು ಎಂಬ ನಮ್ಮ ಹಟಕ್ಕೆ ಇದು ವಿರುದ್ಧ, ಶೀತವಾಗುತ್ತದೆ ಎಂಬ ಭಯವೂ ಉಂಟು. ಫ್ರಿಜ್ಜಿನದೇ ಆಗಬೇಕೆಂದಿಲ್ಲ, ಆವಿ ಅಡಗುವಷ್ಟು ಆರಿದರೆ ಸಾಕು.

ಬಸಿರ ವಾಕರಿಕೆಯನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಏಕೆಂದರೆ ಅಲ್ಲಿ ಸಲಹೆಗಳು ಅತಿ ಹೆಚ್ಚು, ನೆರವು ಅತಿ ಕಡಿಮೆ. ಗರ್ಭಿಣಿಯರಲ್ಲಿ ನೂರಕ್ಕೆ 70-80 ಮಂದಿಗೆ ಮೊದಲ ತಿಂಗಳುಗಳಲ್ಲಿ ಇದು ಇದ್ದೇ ಇರುತ್ತದೆ. ಕೆಲವರಲ್ಲಿ ತೂಕ ಇಳಿದು ಆಸ್ಪತ್ರೆ ಸೇರುವಷ್ಟು ತೀವ್ರವಾಗುತ್ತದೆ. 'ನಾವೂ ಹೆತ್ತಿಲ್ಲವೇ, ಎಲ್ಲ ಮನಸ್ಸಿನದು' ಎಂದು ಹೇಳುವವರಿಗೆ 2023ರ ಕೊನೆಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಸಂಶೋಧನೆಯನ್ನು ತೋರಿಸಬೇಕು. ಜಿಡಿಎಫ್15 ಎಂಬ ಹಾರ್ಮೋನು ಗರ್ಭದ ಕಡೆಯಿಂದ ತಾಯಿಯ ರಕ್ತಕ್ಕೆ ಸೇರುತ್ತದೆ. ಬಸಿರಿಗೆ ಮೊದಲು ಅದರ ಮಟ್ಟ ಕಡಿಮೆಯಿದ್ದವರಿಗೆ ಒಮ್ಮೆಲೇ ಏರಿದ ಮಟ್ಟ ತಡೆಯಲಾಗದೆ ಕಾಯಿಲೆ ತೀವ್ರವಾಗುತ್ತದೆ. ಅಂದರೆ ಇಬ್ಬರು ಹೆಂಗಸರ ಬಸಿರು ಒಂದೇ ಥರ ಇರಬೇಕಿಲ್ಲ, ಅದು ಅವರ ಧೈರ್ಯದ ಪರೀಕ್ಷೆಯೂ ಅಲ್ಲ. ಇಲ್ಲೂ ನಿಯಮ ಹಳೆಯದೇ: ಎರಡು ಗಂಟೆಗೊಮ್ಮೆ ಒಂದು ಹಿಡಿ, ಹೊಟ್ಟೆ ತೀರಾ ಖಾಲಿಯಾಗಲು ಬಿಡದೆ, ಊಟ ಮತ್ತು ನೀರನ್ನು ಸ್ವಲ್ಪ ದೂರವಿಟ್ಟು. ಬರೀ ಪಿಷ್ಟಕ್ಕಿಂತ ಪ್ರೋಟೀನು ಹೆಚ್ಚಿರುವ ಆಹಾರದಿಂದ ವಾಕರಿಕೆ ಕಡಿಮೆಯಾಗಿ ಜಠರದ ಲಯ ಸುಧಾರಿಸಿತು ಎಂದು 1999ರ ಸಣ್ಣ ಅಧ್ಯಯನವೊಂದು ಕಂಡಿತ್ತು. ಹಾಸಿಗೆಯ ಪಕ್ಕದ ಡಬ್ಬಿಯಲ್ಲಿ ರಸ್ಕಿನ ಜೊತೆ ಒಂದು ಹಿಡಿ ಹುರಿಗಡಲೆಯೂ ಇರಲಿ. ಕಬ್ಬಿಣದ ಮಾತ್ರೆ ವಾಕರಿಕೆ ಹೆಚ್ಚಿಸುತ್ತದೆ ಎನ್ನುವವರು ಸರಿಯಾಗಿಯೇ ಹೇಳುತ್ತಾರೆ, ಸರ್ಕಾರದ ಕಾರ್ಯಕ್ರಮವೂ ಅದನ್ನು ನಾಲ್ಕನೆಯ ತಿಂಗಳಿಂದಲೇ ಶುರುಮಾಡುವುದು. ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ವಾಸನೆಯಿಂದ ದೂರವಿರಿ ಎಂದು ಪ್ರತಿ ಕರಪತ್ರ ಹೇಳುತ್ತದೆ. ಮನೆಯಲ್ಲಿ ಸಾಸಿವೆ-ಬೆಳ್ಳುಳ್ಳಿಯ ಒಗ್ಗರಣೆ ಹಾಕುವವಳು ಆ ಬಸುರಿಯೇ ಆಗಿದ್ದರೆ ಅವಳು ದೂರ ಹೋಗುವುದೆಲ್ಲಿಗೆ? ಆ ಕರಪತ್ರವನ್ನು ಓದಬೇಕಾದವನು ಅವಳ ಗಂಡ.

ವಾಂತಿ ತಡೆಯುವ ಮಾತ್ರೆಯೊಂದು ಇರುವಾಗ ಈ ಚಮಚದ ರಗಳೆ ಯಾಕೆ ಎಂದು ಕೇಳುವವರಿದ್ದಾರೆ. ಮಾತ್ರೆಯನ್ನು ನಾನು ವಿರೋಧಿಸುವುದಿಲ್ಲ. ಆನ್‌ಡಾನ್ಸೆಟ್ರಾನ್‌ನ ಒಂದೇ ಪ್ರಮಾಣ ಮಕ್ಕಳ ವಾಂತಿಯನ್ನು ತಗ್ಗಿಸಿ ಡ್ರಿಪ್‌ನ ಅಗತ್ಯ ಕಡಿಮೆ ಮಾಡುತ್ತದೆ ಎಂಬುದು ದೊಡ್ಡ ಪರೀಕ್ಷೆಯಲ್ಲೇ ಸಾಬೀತಾಗಿದೆ. ಬಸುರಿಯರಿಗೆ ಬಿ6 ಜೀವಸತ್ವ ಮತ್ತು ಡಾಕ್ಸಿಲಮೈನ್ ಸೇರಿದ ಮಾತ್ರೆ ಬಹುಕಾಲದಿಂದ ಬಳಕೆಯಲ್ಲಿದೆ, ವೈದ್ಯರು ಬರೆದರೆ ಹೆದರಿ ಬಿಡಬೇಕಿಲ್ಲ. ಆದರೆ ಮಾತ್ರೆ ವಾಂತಿಯನ್ನು ನಿಲ್ಲಿಸುತ್ತದೆ, ಕಳೆದುಹೋದ ನೀರನ್ನು ತುಂಬುವುದಿಲ್ಲ. ಚಟರ್ಜಿ ಮಾಡಿದ್ದು ಎರಡನ್ನೂ, ಮೊದಲು ಅದು, ಹಿಂದೆಯೇ ಇದು.

ಆಹಾರದ ಮಾತನ್ನು ಬದಿಗಿಟ್ಟು ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳಿವೆ. ವಾಂತಿಯಲ್ಲಿ ರಕ್ತ, ಎಳೆಗೂಸಿನ ಹಸಿರು ವಾಂತಿ, ತಲೆಗೆ ಪೆಟ್ಟು ಬಿದ್ದ ಮೇಲಿನ ವಾಂತಿ, ಕೀಟನಾಶಕದ ಸಂಶಯ, ಆರೆಂಟು ಗಂಟೆ ಮೂತ್ರವಾಗದಿರುವುದು, ಕಣ್ಣು ಹಳದಿಯಾಗುವುದು. ಸಕ್ಕರೆ ಕಾಯಿಲೆಯವರು ಉಣ್ಣಲಿಲ್ಲವೆಂದು ತಾವಾಗಿ ಇನ್ಸುಲಿನ್ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು. ಎದೆ ಬಿಗಿತ ಮತ್ತು ತಣ್ಣನೆಯ ಬೆವರಿನ ಜೊತೆ ಬಂದ ವಾಕರಿಕೆಯನ್ನು 'ಗ್ಯಾಸ್ಟ್ರಿಕ್' ಎಂದು ಕರೆದು ಸೋಡಾ ಕುಡಿಸುತ್ತ ಕೂರುವುದಂತೂ ಜೀವಕ್ಕೆ ಅಪಾಯ. ಅದು ಹೃದಯಾಘಾತವಿರಬಹುದು, ಹೆಂಗಸರಲ್ಲೂ ಮಧುಮೇಹಿಗಳಲ್ಲೂ ಎದೆನೋವೇ ಇಲ್ಲದೆಯೂ ಹಾಗೆ ಬರಬಹುದು.

ಓಆರ್‌ಎಸ್ ಪೊಟ್ಟಣ ಅಂಗನವಾಡಿಯಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆಶಾ ಕಾರ್ಯಕರ್ತೆಯರ ಚೀಲದಲ್ಲೂ ಉಚಿತವಾಗಿ ಸಿಗುತ್ತದೆ. ಎರಡು ತಂದು ಇಟ್ಟುಕೊಳ್ಳಿ. ಅದನ್ನು ಕೊಡುವವರು ಒಂದು ಲೀಟರ್ ನೀರಿಗೆ ಕದಡಿ ಎಂದು ಹೇಳಿ ಸುಮ್ಮನಾದರೆ, ಎಷ್ಟು ನಿಮಿಷಕ್ಕೊಂದು ಚಮಚ ಎಂದು ನೀವಾಗಿ ಕೇಳಿ.